ಮೊದಲ ಗುಟುಕು

ಫೆಬ್ರವರಿ ೧೧

ನನ್ನ ಗುಂಡುಸೂಜಿಗೆ,

ಅಪ್ಪ ಚೆನ್ನಾಗಿದ್ದಾನೆ. ನೀನು ಚೆನ್ನಾಗಿದ್ದೀಯ ಎಂದು ನಿನ್ನ ಅತ್ತೆಯವರ ಬಾಯಿಂದ ಕೇಳಿದ್ದಾಯಿತು, ನಿನ್ನ ಬಾಯಿಂದ ಕೇಳುವುದು ಇನ್ನೂ ಬಾಕಿ ಇದೆ.

ಬರೆಯುವುದು ತಡವಾಯಿತು, ಮುಖ ಊದಿಸಿಕೊಳ್ಳಬೇಡ. ತಪ್ಪು ಹಲ್ಲಿನ ಡಾಕ್ಟರದು. ತಮ್ಮ ದೊಡ್ಡ ಕುರ್ಚಿಯನ್ನು ತಂದು ಅಂಗಡಿಯ ನಡುವೆ ಇಳಿಸಿ, "ಬೇಗ ಹೊದಿಕೆ ಬದಲಾಯಿಸಿ ಕೊಡಿ, ಊರಿನವರ ಹಲ್ಲೆಲ್ಲ ನಿಮ್ಮ ಕೈಯಲ್ಲಿದೆ" ಅಂದು ಹೋದರು. ಹಳೆಯ ರೆಕ್ಸಿನ್ ಬಿಚ್ಚಿ ನೋಡುತ್ತೇನೆ, ಎರಡೂ ಕೈಹಿಡಿಗಳ ಸ್ಪಂಜಿನಲ್ಲಿ ಬೆರಳಿನಷ್ಟು ಬೆರಳಿನಷ್ಟು ಗುಂಡಿ! ಹೆದರಿದವರೆಲ್ಲ ಹಿಡಿದುಕೊಂಡ ಜಾಗ ಅದು. ಅಲ್ಲಿ ನಾರು ತುಂಬಿ ಗಟ್ಟಿ ಮಾಡಿದೆ, ಇನ್ನು ಎಷ್ಟು ಬೇಕಾದರೂ ಹೆದರಲಿ. ಆಮೇಲೆ ವಾಡಿಕೆಯಂತೆ ನಾನೇ ಮಲಗಿ ನೋಡಿದೆ. ಒಳ್ಳೆಯ ನಿದ್ದೆ ಬಂದುಬಿಟ್ಟಿತು. ಡಾಕ್ಟರು ಬಂದು ಮುಖದ ಮೇಲೆ ಬಗ್ಗಿ "ಹ್ಞೂ, ಬಾಯಿ ತೆಗೀರಿ" ಅಂದಾಗಲೇ ಎಚ್ಚರವಾಗಿದ್ದು.

ನೀನು ನಗುತ್ತಿರಬಹುದು. ಆದರೆ ನಿನಗೆ ಗೊತ್ತಲ್ಲ, ನಾನು ಕೂತು ನೋಡದ ಕುರ್ಚಿ ನಮ್ಮ ಅಂಗಡಿಯ ಹೊಸ್ತಿಲು ದಾಟಿಲ್ಲ. ಚುಚ್ಚುವುದಿದ್ದರೆ ಮೊದಲು ನನಗೆ ಚುಚ್ಚಲಿ.

ಫೋನಿರುವಾಗ ಕಾಗದವೇಕೆ ಎಂದು ಕೇಳುತ್ತೀಯ. ಹೇಳುತ್ತೇನೆ. ಅವತ್ತು ನೀನು ಫೋನ್ ಮಾಡಿ ಸುದ್ದಿ ಹೇಳಿದಾಗ ನನ್ನ ತುಟಿಗಳ ನಡುವೆ ಒಂದು ಹಿಡಿ ಮೊಳೆಗಳಿದ್ದವು. ಸುತ್ತಿಗೆ ಒಂದು ಕೈಗೆ, ಬಟ್ಟೆ ಇನ್ನೊಂದು ಕೈಗೆ, ಮೊಳೆ ಬಾಯಿಗೆ, ಇದು ನಮ್ಮ ಕಸುಬಿನ ನಿಯಮ. ಅವನ್ನು ಉಗಿದು, ನಾನು ಅಜ್ಜನಾಗುತ್ತೇನೆ ಎನ್ನುವುದು ತಲೆಗೆ ಹೋಗಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಬೇರೆ ಧ್ವನಿ: "ಬೀಗರೇ, ಕೇಳಿಸ್ತಾ? ನಾವೆಲ್ಲ ನೋಡ್ಕೋತೀವಿ. ನೀವೇನೂ ಚಿಂತೆ ಮಾಡ್ಬೇಡಿ." ಫೋನು ಸ್ಪೀಕರಿನಲ್ಲಿತ್ತು ಎಂದು ಆಗ ಗೊತ್ತಾಯಿತು. ಇಡೀ ಮನೆ ಕೇಳುತ್ತಿರುವಾಗ ಅಪ್ಪನಾದವನು ಅಳುವುದಾದರೂ ಹೇಗೆ? "ಸಂತೋಷ, ಸಂತೋಷ" ಅಂದು ಇಟ್ಟುಬಿಟ್ಟೆ. ಮದುವೆಮನೆಯಲ್ಲಿ ಉಡುಗೊರೆ ತೆಗೆದುಕೊಂಡವರ ಹಾಗೆ.

ಚಿಂತೆ ಮಾಡಬೇಡಿ ಅಂದರೇನು ಮಗಳೇ? ನಿನ್ನ ಅಮ್ಮ ಹೋದಾಗಿನಿಂದ ನನಗಿರುವ ದೊಡ್ಡ ಉದ್ಯೋಗವೇ ಅದು. ಕುರ್ಚಿ ಕಟ್ಟುವುದು ಬಿಡುವಿನ ಕೆಲಸ. ಫೋನಿನಲ್ಲೇ ನನ್ನನ್ನು ನಿವೃತ್ತಿ ಮಾಡಿಸಿಬಿಟ್ಟರಲ್ಲ!

ಅವರು ಒಳ್ಳೆಯವರೇ. ನಾನು ಇಲ್ಲ ಅನ್ನುವುದಿಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡಿ ಮಾಡಿ ಮೆತ್ತಗೆ ಮಾತಾಡುತ್ತಾರೆ, ಉಪ್ಪಿನ ಡಬ್ಬಿಯ ಮೇಲೂ 'ಉಪ್ಪು' ಎಂದು ಚೀಟಿ ಅಂಟಿಸುತ್ತಾರೆ, ಒಂದು ಚಮಚ ಕೊಟ್ಟರೂ ಯಾವಾಗ ವಾಪಸ್ ಬರುತ್ತದೆ ಎನ್ನುವ ಹಾಗೆ ನೋಡುತ್ತಾರೆ. ಆದರೆ ಒಳ್ಳೆಯವರು.

ನಿನಗೆ ಬೆಳಗಿನ ವಾಂತಿ ಜಾಸ್ತಿ, ಕಾಫಿಯ ವಾಸನೆ ಬಂದರೆ ಓಡುತ್ತೀಯ, ಅತ್ತೆ ದಿನಾ ಒಂದೊಂದು ಬಿಸಿನೀರು ಮಾಡಿ ಕೊಡುತ್ತಾರೆ, "ಇವತ್ತು ಶುಂಠಿ, ನಿನ್ನೆ ಪುದೀನ", ಎಂದೆಲ್ಲ ಆಮೇಲಿನ ಫೋನಿನಲ್ಲಿ ನೀನೇ ಹೇಳಿದೆ. ಹೇಳುವಾಗ ನಿನ್ನ ಧ್ವನಿಯಲ್ಲಿ ಒಂದು ಸುಖ ಇತ್ತು. ಆ ಸುಖ ಕೇಳಿ ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಖುಷಿಯಾದ ಮೇಲೆ ಎದ್ದು ಬೀದಿ ತುದಿಯ ಬೇರು-ಎಲೆಗಳ ಅಂಗಡಿಗೆ ಹೋದೆ.

ನಿನಗೆ ಕೆಮ್ಮು ಬಂದರೆ, ಗಂಟಲು ಕಟ್ಟಿದರೆ, ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ನೋವು ಬಂದರೆ ಕುದಿಸಿ ಕೊಟ್ಟವನು ಯಾರು? ಈ ಬೀಗಿತ್ತಿಯೇ? ಅತಿಮಧುರದ ಬೇರು, ಒಣಗಿದ ದಾಸವಾಳದ ಎಸಳು, ಸೋಂಪು, ನಿಂಬೆಹುಲ್ಲು, ಎಲ್ಲ ತಂದೆ. ಹೇಗೆ ಬೆರೆಸಬೇಕು ಎಂದು ಅಳೆದು ಸುರಿದು, ನಾನೇ ಬೆಳಿಗ್ಗೆ ಸಂಜೆ ಕುಡಿದು ನೋಡಿದೆ. ವಾರಗಟ್ಟಲೆ. ಪಕ್ಕದಂಗಡಿಯ ಕನ್ನಡಕದವನು ಇಣುಕಿ ಇಣುಕಿ ನೋಡಿ, "ಏನ್ ಯಜಮಾನ್ರೇ, ಬಯಕೆನಾ?" ಅಂದ. ನಗಲಿ. ನನಗೆ ತಲೆ ಸುತ್ತಲಿಲ್ಲ, ಹೊಟ್ಟೆ ಕೆಡಲಿಲ್ಲ, ಒಳ್ಳೆಯ ಹಸಿವು, ಒಳ್ಳೆಯ ನಿದ್ದೆ. ಗಟ್ಟಿ ಮಾಲು ಎಂದು ಖಾತ್ರಿಯಾದ ಮೇಲೆಯೇ ಪೊಟ್ಟಣ ಕಟ್ಟಿದ್ದೇನೆ. ಈ ಕಾಗದದ ಜೊತೆಗೇ ಬರುತ್ತದೆ.

ನಮ್ಮ ಮನೆಯ ಕಾನೂನು ಮರೆತಿಲ್ಲ ತಾನೇ? ಅದು ಹೇಗೆ ಶುರುವಾಯಿತು ಎನ್ನುವುದು ನಿನಗೆ ನೆನಪಿರಲು ಸಾಧ್ಯವಿಲ್ಲ. ಅಮ್ಮ ಹೋದಾಗ ನಿನಗೆ ಹಲ್ಲೂ ಬಂದಿರಲಿಲ್ಲ. ಯಾರು ಚಮಚ ಹಿಡಿದರೂ ತುಟಿಗೆ ಹೊಲಿಗೆ ಹಾಕಿದ ಹಾಗೆ ಕೂತುಬಿಡುತ್ತಿದ್ದೆ. ಅಕ್ಕಪಕ್ಕದ ಹೆಂಗಸರೆಲ್ಲ ಸೋತು, "ಗಂಡಸಿನ ಕೈಲಿ ಇದೆಲ್ಲ ಆಗೋದಲ್ಲ" ಅಂದು ಎದ್ದು ಹೋದರು. ನನಗೂ ಅವತ್ತು ಹೊಟ್ಟೆಗಿರಲಿಲ್ಲ. ಸಿಟ್ಟಿನಲ್ಲಿ ಆ ಗಂಜಿಯನ್ನು ನಾನೇ ಬಾಯಿಗೆ ಹಾಕಿಕೊಂಡು ಚಪ್ಪರಿಸಿದೆ. ನೀನು ನನ್ನ ಬಾಯಿಯನ್ನೇ ನೋಡಿದೆ. ಆಮೇಲೆ ನಿನ್ನದು ತೆರೆದೆ. ಅವತ್ತಿನಿಂದ ಔಷಧಿಯಾಗಲಿ, ಹಾಲಾಗಲಿ, 'ಅಪ್ಪಂದು ಮೊದಲು'. ನಿನಗೆ ಮಾತು ಬಂದ ಮೇಲೆ ನೀನೇ ಅಧಿಕಾರಿಯ ಹಾಗೆ ಬೆರಳು ತೋರಿಸಿ ಹೇಳುತ್ತಿದ್ದೆ. ಕಾಲೇಜಿಗೆ ಹೋಗುವಾಗಲೂ ಜ್ವರದ ಮಾತ್ರೆ ನುಂಗುವ ಮುಂಚೆ "ಅಪ್ಪಂದು ಮೊದಲು" ಅಂದು ನನಗೆ ಒಂದು ಗುಟುಕು ನೀರನ್ನಾದರೂ ಕುಡಿಸಿಯೇ ನುಂಗುತ್ತಿದ್ದೆ.

ಹಾಗಾಗಿ ಇದೂ ಕಾನೂನಿನ ಪ್ರಕಾರವೇ ಬಂದಿದೆ. ಧೈರ್ಯವಾಗಿ ಕುಡಿ. ಶುಂಠಿ, ಪುದೀನ ಯಾರು ಬೇಕಾದರೂ ಕುದಿಸುತ್ತಾರೆ.

ನಿನ್ನ ಗಂಡನಿಗೂ, ಅಂದರೆ ನನ್ನ ಅಳಿಯನಿಗೂ, ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ನನ್ನ ಪುಟ್ಟ ಮೊಳೆಗೆ ಬೇರೆಯಾಗಿ ಹೇಳು. ನೂರು ವರ್ಷ ಬಾಳಿ, ಇಬ್ಬರೂ.

ನಿನ್ನ
ಅಪ್ಪ

ತಾ. ಕ. ಕುದಿಸಿದ ಮೇಲೆ ಮುಚ್ಚಿಡು, ಇಲ್ಲದಿದ್ದರೆ ಘಮ ಹಾರಿಹೋಗುತ್ತದೆ. ಬೇರೆ ಯಾರ ಕೈಗೂ ಕೊಡಬೇಡ, ನೀನೇ ಕುದಿಸು.


ಮಾರ್ಚ್ ೬

ಗುಂಡುಸೂಜಿ,

ಈ ಸಲ ತಡವಾದದ್ದಕ್ಕೆ ಯಾವ ಡಾಕ್ಟರೂ ಕಾರಣರಲ್ಲ. ನಾಚಿಕೆಯೇ ಕಾರಣ. ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು. ಓದಿದವನಲ್ಲ ನಾನು. ನಿನ್ನ ಶಾಲೆಯ ಪಾಠ ಒಪ್ಪಿಸಿಕೊಳ್ಳುತ್ತಲೇ ನಾನೂ ಅಕ್ಷರ ತಿದ್ದಿಕೊಂಡವನು. ನಿನಗೆ ಸುಳ್ಳು ಬರೆಯುವಷ್ಟು ವಿದ್ಯೆ ಇನ್ನೂ ಬಂದಿಲ್ಲ.

ನಿನ್ನ ಕಾಗದ ಬಂತು. ಚಿಕ್ಕ ಕಾಗದ. ಅದರಲ್ಲಿ 'ಅತ್ತೆ' ಎಂದು ಎಷ್ಟು ಕಡೆ, 'ಅಪ್ಪ' ಎಂದು ಎಷ್ಟು ಕಡೆ ಎಂದು ಎಣಿಸಲು ಕೂತು, ನನಗೇ ಅಸಹ್ಯವಾಗಿ ಎದ್ದೆ. "ಅತ್ತೆ ಮಾಡುವ ಚಹಾ ನೀನೂ ರುಚಿ ನೋಡು" ಎಂದು ಅವರ ಶುಂಠಿ-ಪುದೀನದ ಪುಡಿಯನ್ನೂ ಸ್ವಲ್ಪ ಕಳಿಸಿದ್ದೆಯಲ್ಲ, ಕುಡಿದೆ. ಚೆನ್ನಾಗಿತ್ತು. ಅದೇ ತೊಂದರೆ. ಚೆನ್ನಾಗಿಲ್ಲದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಆಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಲೈಬ್ರರಿಯಮ್ಮನಿಗೆ ಪುಸ್ತಕದ ವಿಷಯ ಗೊತ್ತಿರಬಹುದು, ಬಸುರಿ ಏನು ಕುಡಿಯಬೇಕು ಎನ್ನುವುದು ಹೇಗೆ ಗೊತ್ತು? ಇದರಲ್ಲಿ ಏನೋ ಒಂದು ಕೂಡದ್ದು ಇದ್ದೇ ಇರುತ್ತದೆ, ಅದನ್ನು ಹಿಡಿದು ಕೊಡುತ್ತೇನೆ! ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಹೆರಿಗೆ ನೋಡುವ ನರ್ಸಮ್ಮ ಇದ್ದಾರಲ್ಲ, ಅಲ್ಲಿಯ ಬೆಂಚುಗಳಿಗೆ ಮೆತ್ತೆ ಕಟ್ಟಿದವನು ನಾನೇ. ಆ ಸಲಿಗೆಯಿಂದ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುವವನ ಹಾಗೆ ಆ ಪುಡಿ ಹಿಡಿದುಕೊಂಡು ಹೋದೆ.

"ನನ್ನ ಮಗಳಿಗೆ ಇದನ್ನ ದಿನಾ ಕುಡಿಸ್ತಿದಾರಂತೆ. ಸ್ವಲ್ಪ ನೋಡಿ ತಾಯಿ" ಅಂದೆ, ಸಾಧ್ಯವಾದಷ್ಟು ಗಾಬರಿ ಸೇರಿಸಿ.

ನರ್ಸಮ್ಮ ಮೂಸಿದರು, ಬೆರಳಿನಲ್ಲಿ ಕೆದಕಿದರು. "ಶುಂಠಿ, ಪುದೀನ. ಬೇರೇನಿಲ್ಲ. ಹದವಾಗಿ ಕುಡಿದ್ರೆ ಸಾಮಾನ್ಯವಾಗಿ ಏನೂ ತೊಂದ್ರೆ ಇಲ್ಲ. ದಿನಕ್ಕೆ ಒಂದೆರಡು ಲೋಟ, ಶುಂಠಿ ಅಡುಗೆಗೆ ಹಾಕೋಷ್ಟೇ. ವಾಂತಿಗೂ ಒಳ್ಳೇದು. ಯಾರು ಮಾಡಿದ್ದು?"

"ಬೀಗಿತ್ತಿ."

"ಜಾಣೆ ಇದಾರೆ."

ಆ ಮಾತು ನನಗೆ ಮೊಳೆ ನುಂಗಿದ ಹಾಗಾಯಿತು. ಅಲ್ಲಿಗೇ ಎದ್ದು ಬಂದಿದ್ದರೆ ಮಾನ ಉಳಿಯುತ್ತಿತ್ತು. ಬರಲಿಲ್ಲ. ಜೇಬಿನಲ್ಲಿ ನನ್ನ ಬೆರಕೆಯ ಪೊಟ್ಟಣವೂ ಇತ್ತು. "ಹಾಗಾದ್ರೆ ಇದನ್ನೂ ನೋಡಿ, ಇದು ನಾನು ಕಳಿಸಿದ್ದು" ಎಂದು ಮೇಜಿನ ಮೇಲೆ ಬಿಡಿಸಿಟ್ಟೆ. ಪಟ್ಟೆಪೀತಾಂಬರ ಬಿಚ್ಚಿ ತೋರಿಸುವವನ ಠೀವಿ ನನ್ನದು.

ನರ್ಸಮ್ಮ ಕನ್ನಡಕ ಏರಿಸಿಕೊಂಡರು. ಒಂದು ಚೂರು ಬೇರು ಎತ್ತಿ ಹಿಡಿದರು. "ಇದು ಅತಿಮಧುರ ಅಲ್ವಾ? ಇದು ಬಸುರಿಯರಿಗೆ ಬೇಡ." ಬದಿಗಿಟ್ಟರು. "ದಾಸವಾಳ. ಇದೂ ಬೇಡ." ಅದೂ ಬದಿಗೆ ಹೋಯಿತು. "ಸೋಂಪು ಊಟ ಆದ್ಮೇಲೆ ನಾಲ್ಕು ಕಾಳು ಬಾಯಿಗೆ ಹಾಕ್ಕೊಳ್ಳಲಿ, ಯಾರು ಬೇಡ ಅಂತಾರೆ. ಹೀಗೆ ಮುಷ್ಟಿ ಮುಷ್ಟಿ ಕುದಿಸಿ ದಿನಾ ಕುಡಿಯೋದು ಬೇಡ." ನಿಂಬೆಹುಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ವಿಷಯ ಖಚಿತವಾಗಿ ಹೇಳೋಷ್ಟು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕೊಡೋದಿಲ್ಲ" ಅಂದರು.

ನನ್ನ ಪೊಟ್ಟಣದಲ್ಲಿ ಕಾಗದ ಮಾತ್ರ ಉಳಿದಿತ್ತು.

"ಅಲ್ಲ ತಾಯಿ, ಗಿಡಮೂಲಿಕೆ ಅಲ್ವಾ ಇದೆಲ್ಲ? ಮಾತ್ರೆ ಅಲ್ವಲ್ಲ!"

"ಮಾತ್ರೆಗೆ ಹೆದರ್ತೀರಿ, ಎಲೆಗೆ ಯಾಕೆ ಹೆದರಲ್ಲ? ಎಲೆಯಲ್ಲಿ ಔಷಧಿ ಇದೆ ಅಂತ ತಾನೇ ಕುಡಿಯೋದು?"

"ಆದ್ರೆ ನಾನೇ ಕುಡ್ದು ನೋಡಿದೀನಿ! ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನನಗೇನೂ ಆಗಿಲ್ಲ. ನೋಡಿ, ಕಲ್ಲಿನ ಹಾಗಿದೀನಿ."

ನರ್ಸಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೆಲ್ಲಗೆ ಅಂದರು: "ಯಜಮಾನ್ರೇ, ನೀವು ಬಸುರಿ ಅಲ್ವಲ್ಲ."

ಬಾಗಿಲು ತೆರೆದೇ ಇತ್ತು. ಹೊರಗೆ ಸರದಿಗೆ ಕೂತಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಹಿಡಿದುಕೊಳ್ಳಲು ಹೊಟ್ಟೆಯೂ ದೊಡ್ಡದಿತ್ತು. ನಾನು ಕಟ್ಟಿದ ಮೆತ್ತೆಯ ಮೇಲೆ ಆರಾಮಾಗಿ ಕೂತು, ನನ್ನನ್ನೇ ನೋಡಿ ನಕ್ಕರು. ನಾನೂ ನಗಬೇಕಾಯಿತು. ಆದರೆ ನಗುವಾಗಲೇ ನೆನಪಾಯಿತು. ಪೊಟ್ಟಣ ನಿನಗೆ ತಲುಪಿ ಎಷ್ಟೋ ದಿನವಾಗಿದೆ. ಧೈರ್ಯವಾಗಿ ಕುಡಿ ಎಂದು ಬರೆದವನು ನಾನೇ. ಅಪ್ಪ ಕಳಿಸಿದ್ದು ಎಂದರೆ ನೀನು ಯೋಚಿಸುವವಳೇ ಅಲ್ಲ.

ನರ್ಸಮ್ಮ ನನ್ನ ಮುಖ ನೋಡಿದವರೇ ನಗು ನಿಲ್ಲಿಸಿದರು. "ಒಂದೆರಡು ಲೋಟ ಕುಡಿದಿದ್ರೆ ಗಾಬರಿ ಬೇಡ. ನಿಲ್ಲಿಸಲಿ, ಅಲ್ಲಿನ ನರ್ಸಿಗೆ ಒಂದು ಮಾತು ಹೇಳಲಿ. ಹೋಗಿ ಫೋನ್ ಮಾಡಿ."

ಬೀದಿಯಲ್ಲೇ ನಿಂತು ನಿನಗೆ ಮಾಡಿದೆ. ನೀನು ಮಲಗಿದ್ದೆ. ತೆಗೆದವರು ನಿನ್ನ ಅತ್ತೆ. ನಾನು ನಮಸ್ಕಾರವನ್ನೂ ಹೇಳದೆ, "ಆ ಪೊಟ್ಟಣ, ಆ ಪೊಟ್ಟಣ" ಎಂದು ತೊದಲಿದೆ.

"ಬೀಗರೇ, ಮೊದಲು ಉಸಿರು ಬಿಡಿ. ನಾನು ಅದನ್ನ ಕೊಟ್ಟಿಲ್ಲ" ಅಂದರು. "ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳಿರಲಿಲ್ಲ. ಏನೇ ಆದ್ರೂ ನಮ್ಮ ನರ್ಸನ್ನ ಕೇಳದೆ ಕೊಡಬಾರದು ಅಂತ ಎತ್ತಿಟ್ಟಿದ್ದೆ. ಇವಳು ಒಂದೇ ಹಟ. 'ಅಪ್ಪ ಕುಡಿದು ನೋಡಿರ್ತಾರೆ, ಕೊಡಿ ಅತ್ತೆ' ಅಂತ ಅತ್ತೇಬಿಟ್ಟಳು. ನರ್ಸು ಬೇಡ ಅಂದ್ಮೇಲೇ ಸುಮ್ಮನಾಗಿದ್ದು."

ಜೀವ ಬಂತು. ಬಂದ ಜೀವ ತಕ್ಷಣವೇ ಉರಿಯತೊಡಗಿತು. ನನ್ನ ಮಗಳ ಕೈಯಿಂದ ನನ್ನ ಪೊಟ್ಟಣ ಕಿತ್ತಿಟ್ಟು ನನ್ನ ಮಗಳನ್ನು ಕಾಪಾಡಿದ್ದಾರೆ. ನನ್ನಿಂದ! ಇದಕ್ಕೆ ಕೃತಜ್ಞತೆ ಹೇಳಬೇಕೋ ಜಗಳ ಆಡಬೇಕೋ?

"ಅದೇನು ಬೀಗರೇ," ಅಂದರು, "ಮಾತು ಮಾತಿಗೂ 'ಅಪ್ಪಂದು ಮೊದಲು' ಅಂತಾಳಲ್ಲ, ಏನದು?"

"ಏನಿಲ್ಲ. ಮಕ್ಕಳಾಟ" ಅಂದೆ. ಅದೊಂದನ್ನು ನಾನು ಹೇಳಲಿಲ್ಲ. ಅವರು ಎಲ್ಲಕ್ಕೂ ಚೀಟಿ ಅಂಟಿಸಲಿ, ಇದಕ್ಕೊಂದು ಬೇಡ.

"ಆಮೇಲೆ ಒಂದು ವಿಷಯ. ನಿಮ್ಮ ಪುಡಿ ಹಾಳಾಗಬಾರದು ಅಂತ ನಾನೇ ಕುಡೀತಿದೀನಿ. ನನ್ನ ಹಳೇ ಕೆಮ್ಮಿಗೆ ತುಂಬ ಹಿತವಾಗಿದೆ. ಮುಗೀತಾ ಬಂತು. ಇನ್ನೊಂದಿಷ್ಟು ಕಳಿಸ್ತೀರಾ?"

ನೋಡು ಗುಂಡುಸೂಜಿ, ಹೊಟ್ಟೆಕಿಚ್ಚಿಗೂ ಒಂದು ನ್ಯಾಯ ಬೇಡವೇ? ಎದುರಿನವರು ಸ್ವಲ್ಪವಾದರೂ ಕೆಟ್ಟವರಾಗಿರಬೇಕು. ಈ ಹೆಂಗಸು ಅದಕ್ಕೂ ಅವಕಾಶ ಕೊಡುವುದಿಲ್ಲ. ಇನ್ನೊಂದು ಪೊಟ್ಟಣ ಈ ಕಾಗದದ ಜೊತೆ ಇದೆ, ಅವರಿಗೆ. ನೀನು ಮುಟ್ಟಬೇಡ. ಮೇಲೆ ನಾನೇ ಚೀಟಿ ಅಂಟಿಸಿದ್ದೇನೆ: 'ಬೀಗಿತ್ತಿಯವರಿಗೆ ಮಾತ್ರ'. ಅವರ ರೋಗ ನನಗೂ ಅಂಟಿತು.

ನೀನು ಶುಂಠಿ ನೀರನ್ನೇ ಕುಡಿ, ಹದವಾಗಿ. ಯಾವುದೇ ಹೊಸ ಎಲೆ, ಹೊಸ ಬೇರು ಬಂದರೂ ನಿಮ್ಮ ನರ್ಸನ್ನು ಕೇಳಿ ಆಮೇಲೆ. ಅಪ್ಪ ಕುಡಿದು ನೋಡಿದ್ದರೂ ಸರಿ, ಕೇಳು. ಈ ಸಾಲು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿನಗೆ ಗೊತ್ತಾಗಲಿ ಎಂದೇ ಪೆನ್ನು ಒತ್ತಿ ಬರೆದಿದ್ದೇನೆ.

ಚೆನ್ನಾಗಿರು ತಾಯಿ. ಬಾಗಬೇಡ, ಓಡಬೇಡ.

ನಿನ್ನ
ಅಪ್ಪ


ಜುಲೈ ೧೯

ನನ್ನ ಗುಂಡುಸೂಜಿಗೆ,

ಕ್ಷೇಮ. ಸುತ್ತಿಗೆ ಏಟು ಬಿದ್ದ ಹೆಬ್ಬೆರಳೂ ಕ್ಷೇಮ. ಉತ್ತರ ತಡವಾಯಿತು, ಯಾಕೆ ಎಂದು ಕೇಳಬೇಡ.

"ಅವತ್ತು ನನಗೆ ಕುರ್ಚಿ ತಂದವನು ಯಾಕಪ್ಪಾ ಅಷ್ಟು ಬೇಗ ಹೊರಟುಹೋದೆ, ಎರಡು ದಿನ ಇರ್ತೀನಿ ಅಂದಿದ್ದೆಯಲ್ಲ" ಎಂದು ಬರೆದಿದ್ದೀಯ. ಬಸ್ಸು ತಪ್ಪುತ್ತದೆ ಎಂದು ಹೇಳಿದ್ದೆನಲ್ಲ. ಬಸ್ಸೇ ಎಂದಿಟ್ಟುಕೋ. ಕುರ್ಚಿಯ ವಿಷಯಕ್ಕೆ ಬರೋಣ.

ನೀನು ಕುರ್ಚಿಯನ್ನು ಹೊಗಳಿ ಬರೆದದ್ದನ್ನು ಕನ್ನಡಕದವನಿಗೂ ಓದಿ ಹೇಳಿದೆ. ಅದನ್ನು ನಾನು ಒಳ್ಳೆಯ ಮನಸ್ಸಿನಿಂದ ಶುರು ಮಾಡಲಿಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ಅವರು ಏನು ಬೇಕಾದರೂ ಕುದಿಸಿ ಕೊಡಲಿ, ಕುಡಿದದ್ದು ಸಂಜೆಗೆ ಇಳಿದು ಹೋಗುತ್ತದೆ, ಕುರ್ಚಿ ಮಾತ್ರ ಉಳಿಯುತ್ತದೆ ಎನ್ನುವ ಲೆಕ್ಕಾಚಾರದಲ್ಲಿ ಶುರು ಮಾಡಿದ್ದು. ಮಗುವಿಗೆ ಹಾಲೂಡಿಸಲು ತಗ್ಗಿನ ಕುರ್ಚಿ, ಬೆನ್ನಿಗೆ ಎತ್ತರ, ಕೈಗೆ ಆಸರೆ. ಕೆಳಗೆ ಪಟ್ಟಿಗಳನ್ನು ಎಳೆದು ಹೆಣೆದೆ, ಸ್ಪ್ರಿಂಗುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದೆ, ಕಿರ್ರ್ ಎನ್ನಬಾರದು, ನಿದ್ದೆ ಹೋದ ಮಗು ಎದ್ದೀತು. ಬಟ್ಟೆ ಯಾವುದು ಎಂದು ಗುರುತು ಸಿಕ್ಕಿತೇ? ನೀನು ಚಿಕ್ಕವಳಾಗಿದ್ದಾಗ ಕೆಲಸದ ಮೇಜಿನ ಕೆಳಗೆ ಹಾಸಿಕೊಂಡು ಮಲಗುತ್ತಿದ್ದ ಹಸಿರು ಮಕಮಲ್ಲಿನ ಥಾನು. ನೀನು ಮಲಗಿದ ಕಡೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಯಾವಾಗಲೋ ಮಾರಿದ್ದೆ.

ಕಟ್ಟಿ ಮುಗಿದ ಮೇಲೆ ವಾಡಿಕೆಯಂತೆ ಕೂತೆ. ಸ್ಪಂಜಿನ ಚೂರುಗಳನ್ನು ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ತೋಳಿನಲ್ಲಿಟ್ಟುಕೊಂಡು ಕೂತೆ. ಬಹಳ ಹಿತವಾಗಿತ್ತು. ಆಗ ನರ್ಸಮ್ಮನ ಮಾತು ಕಿವಿಯಲ್ಲಿ ಕೇಳಿಸಿತು. ನೀವು ಬಸುರಿ ಅಲ್ವಲ್ಲ. ನಾನು ಬಾಣಂತಿಯೂ ಅಲ್ಲವಲ್ಲ! ನನಗೆ ಹಿತವಾದರೆ ಏನು ಬಂತು?

ಹೋಗಿ ಕನ್ನಡಕದವನ ಹೆಂಡತಿಯನ್ನು ಕೇಳಿದೆ. ಎರಡು ತಿಂಗಳ ಕೂಸಿದೆ ಆಕೆಗೆ. ನನ್ನ ಅಂಗಡಿಯ ಬಾಗಿಲು ಎಳೆದುಕೊಂಡು, ನಾನು ಮತ್ತು ಆಕೆಯ ಗಂಡ ಬೀದಿಯಲ್ಲಿ ಕಾವಲುಗಾರರ ಹಾಗೆ ನಿಂತೆವು. ಒಳಗಿನಿಂದ ಕೂಗಿದಳು: "ಅಣ್ಣಾ, ಕೈಹಿಡಿ ಎತ್ತರ ಆಯ್ತು! ಭುಜ ಕಿವಿಗೆ ಬರ್ತಿದೆ!" ನನಗೆ ಸಿಟ್ಟೇ ಬಂತು. ಇಷ್ಟು ವರ್ಷದಲ್ಲಿ ನನ್ನ ಕುರ್ಚಿಗೆ ಹೆಸರಿಟ್ಟವರಿಲ್ಲ. ಆದರೂ ಬಿಚ್ಚಿದೆ, ತಗ್ಗಿಸಿದೆ, ಮತ್ತೆ ಕೂರಿಸಿದೆ. "ಈಗ ಸರಿ. ಏಳೋಕೇ ಮನಸ್ಸಿಲ್ಲ, ಅಡುಗೆ ನಿಮ್ಮ ಗೆಳೆಯನೇ ಮಾಡ್ಲಿ" ಅಂದಳು. ನಮ್ಮ ಅಂಗಡಿಯಿಂದ ಇನ್ನೊಬ್ಬರು ಕೂತು ಒಪ್ಪಿದ ಮೇಲೆ ಹೊಸ್ತಿಲು ದಾಟಿದ ಮೊದಲ ಕುರ್ಚಿ ಅದು. ಜೋಪಾನ.

ಲಾರಿಯವನ ಪಕ್ಕದಲ್ಲಿ ಕೂತು ನಿಮ್ಮೂರಿಗೆ ಬರುವಾಗ ದಾರಿಯುದ್ದಕ್ಕೂ ಅವನಿಗೆ ನಿನ್ನ ಕಥೆಯೇ. ಬಾಗಿಲು ತೆಗೆದದ್ದು ನೀನು. ಹೊಟ್ಟೆ ಮುಂದೆ, ನೀನು ಹಿಂದೆ. ಕೆನ್ನೆ ತುಂಬಿಕೊಂಡಿದೆ, ಕಣ್ಣಿನ ಕೆಳಗಿನ ಕಪ್ಪು ಹೋಗಿದೆ. ನಿನ್ನನ್ನು ಯಾರೋ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ನಾನು ಅದನ್ನೇ ದೇವರಲ್ಲಿ ಕೇಳಿಕೊಂಡಿದ್ದೆ. ಕೊಟ್ಟಾಗ ಯಾಕೆ ಮುಖ ತಿರುಗಿಸುತ್ತೇನೋ, ದೇವರಿಗೂ ಬೇಸರ ಬಂದಿರಬೇಕು.

ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಗಾಜಿನ ಶೀಷೆಗಳು, ಪ್ರತಿಯೊಂದಕ್ಕೂ ಚೀಟಿ. 'ಈಗ ಕುಡಿಯಬಹುದು'. 'ಕೇಳಿ ಕುಡಿಯಬೇಕು'. ಕೊನೆಯದರ ಮೇಲೆ 'ಬೀಗರದು, ನನಗೆ'. ನಿನ್ನ ಅತ್ತೆ ಅದನ್ನು ತೋರಿಸಿ ಮೆಲ್ಲಗೆ ನಕ್ಕರು. "ಬೀಗರೇ, ನೀವು ಮುಂದಿನ ಸಲ ಬರೋವಾಗ ನನಗೂ ಒಂದು ಕುರ್ಚಿ. ಅಜ್ಜಿಗೂ ಸೊಂಟ ಇರತ್ತೆ" ಅಂದರು. ಅಳಿಯ ಬಿಡುತ್ತಾನೆಯೇ? "ಅಮ್ಮಾ, ನೀನು ಕೂತ್ರೆ ಮಗು ಎತ್ಕೊಳ್ಳೋರು ಯಾರು?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನಿದ್ದೇನಲ್ಲ ಎಂದು ಅನ್ನಬೇಕೆಂದಿದ್ದೆ, ಬಾಯಿಂದ ಹೊರಡಲಿಲ್ಲ. ಬಾಯಲ್ಲಿ ಮೊಳೆಗಳೇನೂ ಇರಲಿಲ್ಲ.

ಅವರಿಗೂ ಕುರ್ಚಿ ಕಟ್ಟುತ್ತಿದ್ದೇನೆ. ಚೌಕಟ್ಟು ಆಗಿದೆ. ಅವರ ಸೊಂಟದ ಎತ್ತರ ಎಷ್ಟು ಎಂದು ಅವರಿಗೆ ಗೊತ್ತಾಗದ ಹಾಗೆ ಅಳೆದು ಬರೆ. ಮುನಿಸಿದ್ದವನು ಸರಿಯಾದ ಅಳತೆ ಕೇಳುತ್ತಾನೆಯೇ? ಅಂದಮೇಲೆ ನನಗೆ ಮುನಿಸಿಲ್ಲ.

ದಿನ ಹತ್ತಿರ ಬರುತ್ತಿದೆ. ನಿನ್ನ ನರ್ಸು ಹೇಳಿದ್ದನ್ನು ಕೇಳು, ಅತ್ತೆ ಹೇಳಿದ್ದನ್ನೂ ಕೇಳು. ನಿನ್ನ ಗಂಡನನ್ನು ಕೈಗೆ ಸಿಗುವಷ್ಟು ದೂರದಲ್ಲಿಟ್ಟುಕೋ, ನೋವಿನಲ್ಲಿ ಹಿಡಿದುಕೊಳ್ಳಲು ಕುರ್ಚಿಯ ಕೈಹಿಡಿಗಿಂತ ಗಂಡನ ಕೈ ಅನುಕೂಲ. ಹೆದರಬೇಡ. ನೀನು ಆರಾಮಾಗಿ ಹೋಗಿ, ಎರಡು ಜೀವವಾಗಿ ಮನೆಗೆ ಬಾ. ನಿನ್ನ ಅಮ್ಮನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿನಗೂ ನಿನ್ನ ಕೂಸಿಗೂ ಸೇರಲಿ.

ಸದಾ ನಿನ್ನ
ಅಪ್ಪ

ತಾ. ಕ. ಕವರು ಅಂಟಿಸಿ, ಮತ್ತೆ ಹಬೆ ಹಿಡಿದು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಬಸ್ಸಲ್ಲ ಮಗಳೇ.

ಅವತ್ತು ನಾನು ಕುರ್ಚಿಯ ಕಾಲಿನ ತಿರುಪು ಬಿಗಿಯುತ್ತ ನೆಲದ ಮೇಲೆ ಕೂತಿದ್ದೆ. ನೀನು ಕುರ್ಚಿಯಲ್ಲಿದ್ದೆ. ನಿನ್ನ ಅತ್ತೆ ಲೋಟ ತಂದರು. ಊದಿದರು. ಮೊದಲ ಗುಟುಕು ತಾವೇ ಕುಡಿದು, ಬಾಯಿ ಚಪ್ಪರಿಸಿ, "ಹ್ಞಾ, ಸರಿಯಾಗಿದೆ, ತಗೋ" ಅಂದರು. ನೀನು ಲೋಟದ ಕಡೆ ನೋಡಲೇ ಇಲ್ಲ. ಅವರ ಬಾಯಿಯನ್ನು ನೋಡಿದೆ, ಆಮೇಲೆ ಕೈ ಚಾಚಿದೆ. ನನ್ನ ಕಡೆ ಬಗ್ಗಿ, ಕಣ್ಣರಳಿಸಿಕೊಂಡು ಹೇಳಿದೆ: "ನೋಡಪ್ಪಾ, ನಾನೇ ಹೇಳಿಕೊಟ್ಟಿದ್ದು! ಥೇಟ್ ನಿನ್ನ ಹಾಗೇ!" ನನಗೆ ಖುಷಿಯಾಗುತ್ತದೆ ಎಂದುಕೊಂಡೆ ನೀನು. ನಾನು ತಿರುಪು ಬಿಗಿದೆ, ಬಿಗಿದೆ, ಬಿಗಿಯಲು ಇನ್ನೇನೂ ಉಳಿಯದ ಮೇಲೆ ಬಸ್ಸು ಅಂದೆ.

ತಾಯಿಗೆ ಗೊತ್ತಿರುವುದು ಸಾವಿರ ಇರುತ್ತದೆ. ನನಗೆ ಗೊತ್ತಿದ್ದದ್ದು ಅದೊಂದೇ. ಅವರು ಕೇಳಿದಾಗ ನಾನು ಹೇಳದೆ ಬಚ್ಚಿಟ್ಟದ್ದನ್ನು ನೀನು ಕೊಟ್ಟುಬಿಟ್ಟೆ.

ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲ, ಕೇಳುವುದು ಲೈಬ್ರರಿಯವರ ಪದ್ಧತಿ. ನಿನ್ನ ಲೋಟದ ಮೊದಲ ಗುಟುಕು ಇನ್ನು ಅವರದೇ, ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೆ ನಿನ್ನ ಮಗುವಿಗೆ ಹಾಲಲ್ಲದೆ ಬೇರೆಯದನ್ನು ಕೊಡುವ ದಿನ ಬರುತ್ತದಲ್ಲ. ಏನು, ಯಾವಾಗ, ಎಷ್ಟು ಎನ್ನುವುದನ್ನೆಲ್ಲ ನೀನು, ನರ್ಸು, ಅತ್ತೆ ಸೇರಿ ತೀರ್ಮಾನ ಮಾಡಿ. ನಾನು ಎಲೆ, ಬೇರು ಏನೂ ತರುವುದಿಲ್ಲ. ಮೊದಲ ಚಮಚ ಮಾತ್ರ ನನಗಿಡು. ಬೇರೆ ಚಮಚದಲ್ಲೇ ತಿನ್ನುತ್ತೇನೆ, ಮಗುವಿನದಕ್ಕೆ ಬಾಯಿ ಹಾಕಬೇಡಿ ಎಂದು ಇಲ್ಲಿಯ ನರ್ಸಮ್ಮ ಆಗಲೇ ಎಚ್ಚರಿಸಿದ್ದಾರೆ. ಅದರ ಎದುರು ಕೂತು ಚಪ್ಪರಿಸಿ ತೋರಿಸಿದರೆ ಸಾಕು.

ಆ ದಿನ ಫೋನ್ ಮಾಡು. ಸ್ಪೀಕರಿನಲ್ಲೇ ಮಾಡು. ನಿಮ್ಮೂರಿಗೆ ಬಸ್ಸು ಯಾವ ಹೊತ್ತಿಗೂ ಇರುತ್ತದೆ. ನಿಮ್ಮೂರಿಂದಲೂ ಅಷ್ಟೇ, ಅವತ್ತೂ ಇತ್ತು.